ಕಾಕ ಮಾರದ ಬಿಟ್

ಮೊನ್ನೆ ಬೆಳಿಗ್ಗೆ ಇವರ ಅಂಗಿಯನ್ನು ಬಕೆಟಿನಲ್ಲಿ ನೆನೆಹಾಕುವಾಗ ಸುಟ್ಟ ಹಲಸಿನ ಮರದ ವಾಸನೆ ಬಂತು. ಹಲಸಿನ ಹುಡಿಗೆ ಯಾವಾಗಲೂ ಇರುವ ಸಿಹಿ ವಾಸನೆಯಲ್ಲ. ಹಾಲು ತಳ ಹಿಡಿದಾಗ ಬರುತ್ತದಲ್ಲ, ಅಂಥದ್ದು. ಅಂಗಿಯನ್ನು ಅಲ್ಲೇ ಬಿಟ್ಟು ಮನೆಯ ಹಿಂದಿನ ವರ್ಕ್‌ಶಾಪಿಗೆ ಹೋಗಿ, "ಬಿಟ್ ಮೊಂಡಾಗಿದೆ, ಮೆಶಿನ್ ನಿಲ್ಲಿಸಿ" ಎಂದೆ. ಇವರು ನಿಲ್ಲಿಸಿ, ಮರ ಕೊರೆಯುವ ಆ ಬಿಟ್ ಬಿಚ್ಚಿ, ಬೆಳಕಿಗೆ ಹಿಡಿದು ನೋಡಿದರು. ಅಲಗು ಕಪ್ಪಾಗಿತ್ತು.

"ಕಾಕನ ಶಿಷ್ಯೆ ಅಲ್ವಾ ನೀನು!" ಎಂದು ನಕ್ಕರು.

ನನಗೆ ನಗು ಬರಲಿಲ್ಲ. ಆ ಹೆಸರು ಇವರ ಬಾಯಲ್ಲಿ ಬಂದಾಗಲೆಲ್ಲ ನಾನು ಮಾತು ಬದಲಿಸುತ್ತಿದ್ದೆ...

ಮೆಶಿನ್ ಶಿರ್ತಾಡಿಯ ನಮ್ಮ ಮನೆಗೆ ಬಂದದ್ದು ಎರಡು ಸಾವಿರದ ಏಳೋ ಎಂಟೋ ಇರಬೇಕು. ಕಂಪ್ಯೂಟರ್ ಹೇಳಿದ ಹಾಗೆ ಮರ ಕೊರೆಯುವ ಸಿಎನ್‌ಸಿ ರೂಟರ್, ಯಾರೋ ಬಳಸಿ ಬಿಟ್ಟದ್ದು. ಇವರು ದುಬೈಯ ಮರಗೆಲಸದ ಕಂಪೆನಿಯೊಂದರಲ್ಲಿ ಅದನ್ನೇ ನಡೆಸಿದವರು. ಆದರೆ ಅಲ್ಲಿ ಚೀಟಿ ಕೊಟ್ಟರೆ ಸ್ಟೋರಿನವನು ಬಿಟ್ ತಂದು ಕೈಗೆ ಇಡುತ್ತಿದ್ದನಂತೆ. ಯಾವ ಮರಕ್ಕೆ ಯಾವುದು, ಎಲ್ಲಿ ಸಿಗುತ್ತದೆ ಎಂದು ಯೋಚಿಸುವ ಕೆಲಸ ಇವರಿಗೆ ಬಂದೇ ಇರಲಿಲ್ಲ. ಊರಿಗೆ ಬಂದ ಮೇಲೆ ಮೆಶಿನ್ ಬಿಟ್ಟು ಹೋಗಲು ಇವರಿಗೆ ಮನಸ್ಸಿಲ್ಲ. ಪೆಟ್ಟಿಗೆಯ ಮೇಲಿನ ಇಂಗ್ಲಿಷ್ ಓದಲು ನನಗೆ ಬರುತ್ತದೆ. ಹೀಗೆ ಬಿಟ್ ತರುವ ಕೆಲಸ ನನ್ನ ಪಾಲಿಗೆ ಬಂತು.

ಮೆಶಿನ್ನೆಂದರೆ ನನಗೆ ಮೊದಲ ದಿನದಿಂದಲೂ ಹೆದರಿಕೆ. ಅದರ ಸದ್ದು ಅಡುಗೆಮನೆಯ ಪಾತ್ರೆಗಳಿಗೂ ಹತ್ತುತ್ತಿತ್ತು. ಇವರಾದರೋ ಹುಡಿ ಊದಿ ನೋಡಲು ಮುಖವನ್ನು ತಿರುಗುವ ಬಿಟ್ಟಿನ ಹತ್ತಿರವೇ ಒಯ್ಯುತ್ತಿದ್ದರು. ಕನ್ನಡಕ ಹಾಕಿ ಎಂದರೆ, "ಬೆವರು ಮಾರಾಯ್ತಿ, ಎಂತದೂ ಕಾಣುವುದಿಲ್ಲ" ಎನ್ನುತ್ತಿದ್ದರು. ಸದ್ದು ಸ್ವಲ್ಪ ಬದಲಾದರೂ ನಾನು ಸೌಟು ಹಿಡಿದುಕೊಂಡೇ ಹಿತ್ತಲ ಬಾಗಿಲಿಗೆ ಓಡುತ್ತಿದ್ದೆ.

ಬಿಟ್ ಮಾರುವ ಕಾಕನ ಅಂಗಡಿ ಪಾಣೆಮಂಗಳೂರಿನ ಪೇಟೆಯಲ್ಲಿತ್ತು. ಶಿರ್ತಾಡಿಯಿಂದ ಮೂರು ಬಸ್ಸು. ಅಂಗಡಿ ಎಷ್ಟು ಸಪೂರವೆಂದರೆ ಇಬ್ಬರು ಗಿರಾಕಿಗಳು ನಿಂತರೆ ಮೂರನೆಯವರು ಮೆಟ್ಟಿಲಲ್ಲಿ ಕಾಯಬೇಕು. ಕಾಕ ನನ್ನ ತಂದೆಯ ಪ್ರಾಯದವರು, ಬಿಳಿ ಗಡ್ಡ, ಶುಭ್ರವಾದ ಬನಿಯನು. ಆದರೂ ಹೆಂಗಸರನ್ನೆಲ್ಲ "ಅಕ್ಕ" ಎಂದೇ ಕರೆಯುತ್ತಿದ್ದರು. ನಾವು ಮಾತಾಡುತ್ತಿದ್ದದ್ದು ತುಳುವಿನಲ್ಲಿ. ಬಿಟ್ಟುಗಳನ್ನು ಅವರು ಮಂಗಳೂರಿನಿಂದಲೂ ಗಲ್ಫಿನಿಂದ ಬರುವವರ ಕೈಯಲ್ಲೂ ತರಿಸುತ್ತಿದ್ದರು. ಒಂದೊಂದನ್ನೂ ತಾವೇ ಅಳೆದು, ಮೆಶಿನಿಗೆ ಸಿಕ್ಕಿಸುವ ದಂಟಿಗೆ ಸೊಸೆಯ ನೈಲ್ ಪಾಲಿಶಿನಿಂದ ಒಂದು ಚುಕ್ಕೆ ಇಡುತ್ತಿದ್ದರು. ಕಾಲಿಂಚಿಗೆ ಕೆಂಪು, ಆರು ಎಂಎಂಗೆ ಗುಲಾಬಿ, ಎಂಟಕ್ಕೆ ನೇರಳೆ. ಚುಕ್ಕೆ ಇಲ್ಲದ ಬಿಟ್ ಆ ಅಂಗಡಿಯಿಂದ ಹೊರಗೆ ಹೋಗುತ್ತಿರಲಿಲ್ಲ.

ನಾನು ಮೊದಲ ಸಲ ಹೋದದ್ದು ಅವಸರದಲ್ಲಿ. ಬೆಳ್ತಂಗಡಿಯ ಒಂದು ಹೊಸ ಮನೆಯ ಎದುರು ಬಾಗಿಲಿಗೆ ಹಲಸಿನ ಹಲಗೆಯಲ್ಲಿ ಹೂಬಳ್ಳಿ ಕೊರೆಯಬೇಕಿತ್ತು. ಗೃಹಪ್ರವೇಶಕ್ಕೆ ನಾಲ್ಕೇ ದಿನ. ಇದ್ದ ಒಂದೇ ಬಿಟ್ ಮೊಂಡಾಗಿತ್ತು.

"ಮೆಶಿನಿನ ಕಾಲೆಟ್ ಎಷ್ಟರದ್ದು ಅಕ್ಕ?" ಎಂದು ಕಾಕ ಕೇಳಿದರು. ಕಾಲೆಟ್ ಎಂದರೆ ಬಿಟ್ಟಿನ ದಂಟನ್ನು ಕಚ್ಚಿ ಹಿಡಿಯುವ ಉಕ್ಕಿನ ಹಿಡಿ ಎಂದು ಆಗ ನನಗೆ ಗೊತ್ತಿರಲಿಲ್ಲ.

"ಕಾಲಿಂಚೋ, ಆರು ಎಂಎಮ್ಮೋ... ಎರಡೂ ಒಂದೇ ಅಲ್ವಾ ಕಾಕ?"

"ಒಂದೇ ಆದರೆ ನಾನ್ಯಾಕೆ ಎರಡು ಬಣ್ಣ ಹಚ್ಚಿ ಸೊಸೆಯ ಹತ್ತಿರ ಬೈಗುಳ ತಿನ್ನುವುದು? ಹಳೇ ಬಿಟ್ ತಂದಿದ್ದೀರಾ?"

ತಂದಿರಲಿಲ್ಲ. ಇವರ ಮೊಬೈಲಿಗೆ ಮಾಡಿದರೆ ಎಲ್ಲಿದ್ದರೋ ಏನೋ, ಎತ್ತಲಿಲ್ಲ.

"ಹಾಗಾದರೆ ಇವತ್ತು ಕೊಡುವುದಿಲ್ಲ. ನಾಳೆ ಹಳೇದನ್ನು ತನ್ನಿ. ಇದು ಬಳೆ ಅಲ್ಲ ಅಕ್ಕ, ಸ್ವಲ್ಪ ಸಡಿಲ ಆದರೂ ನಡೀತದೆ ಅಂತ ಹೇಳಲಿಕ್ಕೆ."

ಮೂರು ಬಸ್ಸು ಹಿಡಿದು ಬಂದವಳಿಗೆ ಅಳುವೇ ಬಂತು. ಹಿಂದಿರುಗುವಾಗ ಬಂಟ್ವಾಳದಲ್ಲಿ ಬಸ್ಸಿಗೆ ಸಮಯವಿತ್ತು. ಅಲ್ಲೇ ಒಂದು ಹಾರ್ಡ್‌ವೇರ್ ಅಂಗಡಿಗೆ ಹೊಕ್ಕು ಕೇಳಿದೆ. ಆರು ಎಂಎಂನದ್ದು ಒಂದು ಇತ್ತು. ಏನೂ ಕೇಳದೆ ಕೊಟ್ಟರು. ಕಾಲು ಇಂಚೆಂದರೆ ಆರೂ ಚಿಲ್ಲರೆ ಎಂದು ನಾನು ಕಾನ್ವೆಂಟಿನಲ್ಲಿ ಲೆಕ್ಕ ಮಾಡಿದವಳೇ. ಆ ಚಿಲ್ಲರೆಯನ್ನು ಬಿಟ್ಟು ಬರೆದರೂ ಸಿಸ್ಟರ್ ಅಂಕ ಕೊಡುತ್ತಿದ್ದರು...

ಮರುದಿನ ಇವರು ಅದನ್ನು ಹಾಕಿದರು. ಸ್ಪ್ಯಾನರಿನಲ್ಲಿ ಬಿಗಿದಾಗ ಕಾಲೆಟ್ ಹೇಗೋ ಕಚ್ಚಿಕೊಂಡಿತು. ಮೊದಲ ಹೂವು ಚೆನ್ನಾಗಿಯೇ ಬಂತು. ನಾನು ಚಹಾ ಕೊಡಲು ಹೋದಾಗ ಸದ್ದು ಬದಲಾಗಿತ್ತು, ಒಂದು ತರಹದ ಕೀರಲು. ಸುಟ್ಟ ವಾಸನೆ. ಬಿಟ್ ಹಿಡಿಯಿಂದ ಜಾರಿ ಕೆಳಕೆಳಗೆ ಇಳಿದು ಹಲಗೆಯನ್ನು ಆಳಕ್ಕೆ ಅಗೆಯುತ್ತಿತ್ತು. ಇವರು ಬಗ್ಗಿ ನೋಡಿದರು. ಟಪ್ ಎಂದು ಬಿಟ್ ಮುರಿದು ಹಾರಿತು, ಅಷ್ಟೇ. ಇವರು ಎಡಗಣ್ಣನ್ನು ಮುಚ್ಚಿ ಹಿಡಿದುಕೊಂಡಿದ್ದರು, ಬೆರಳುಗಳ ಸಂದಿಯಿಂದ ರಕ್ತ.

ಮೂಡುಬಿದಿರೆಗೆ ರಿಕ್ಷಾದಲ್ಲಿ ಹೋದ ಅಷ್ಟೂ ಹೊತ್ತು ಇವರು ಕೈ ತೆಗೆಯಲಿಲ್ಲ. ತೆಗೆಯಿರಿ ಎನ್ನಲು ನನಗೆ ಧೈರ್ಯವಿರಲಿಲ್ಲ. ತೆಗೆದರೆ ಅಲ್ಲಿ ಏನಿರುತ್ತದೋ... ನನ್ನ ಸೆರಗು ಒದ್ದೆಯಾಗಿ ಅಂಟುತ್ತಿತ್ತು. ಡಾಕ್ಟರು ತೊಳೆದು ನೋಡಿ, ಹುಬ್ಬಿಗೆ ಮೂರು ಹೊಲಿಗೆ ಹಾಕಿದರು. "ಕಣ್ಣಿಗೆ ಏನೂ ಆಗಿಲ್ಲ. ಒಂದು ಬೆರಳಿನಷ್ಟು ಕೆಳಗೆ ಬಿದ್ದಿದ್ದರೆ ಕಷ್ಟ ಇತ್ತು" ಎಂದರು. ನಾನು ಅಲ್ಲೇ ಬೆಂಚಿನಲ್ಲಿ ಕುಳಿತುಬಿಟ್ಟೆ.

ಬಿಟ್ ಕಾಕನ ಅಂಗಡಿಯದ್ದೆಂದೇ ಇವರು ತಿಳಿದಿದ್ದರು. ಪಾಣೆಮಂಗಳೂರಿಗೆಂದು ಹೊರಟವಳು ಬಂಟ್ವಾಳದಲ್ಲಿ ಕೊಂಡೆ ಎಂದು ನಾನು ಹೇಳಿರಲಿಲ್ಲ. ಆಸ್ಪತ್ರೆಯಿಂದ ಬಂದ ಮೇಲಂತೂ ಹೇಳಲಾಗಲಿಲ್ಲ. ಸ್ಲೇಟು ಒಡೆದರೂ ಎದ್ದು ನಿಂತು ಒಪ್ಪಿಕೊಳ್ಳಬೇಕು ಎಂದು ಕಲಿತವಳು ನಾನು. ಆದರೆ ಇದು ಸ್ಲೇಟಲ್ಲ, ಇವರ ಕಣ್ಣು.

ಮೂರನೆಯ ದಿನ ಇವರು ಹುಬ್ಬಿನ ಪಟ್ಟಿಯೊಂದಿಗೇ ಬೈಕು ತೆಗೆದರು. "ಬಾ, ಆ ಕಾಕನಲ್ಲಿಗೆ ಹೋಗಿ ಬರುವ" ಎಂದರು. ದಾರಿಯುದ್ದಕ್ಕೂ ಈಗ ಹೇಳುತ್ತೇನೆ, ಸಿದ್ಧಕಟ್ಟೆ ಬರಲಿ ಹೇಳುತ್ತೇನೆ, ಸೇತುವೆ ಬರಲಿ ಹೇಳುತ್ತೇನೆ ಎಂದುಕೊಂಡೆ. ಸೇತುವೆಯೂ ದಾಟಿತು.

ಅಂಗಡಿಯಲ್ಲಿ ಒಬ್ಬ ಬಡಗಿ ಬಿಟ್ಟುಗಳನ್ನು ಆರಿಸುತ್ತಿದ್ದ. ಇವರು ಮುರಿದ ತುಂಡನ್ನು ಮೇಜಿನ ಮೇಲೆ ಎಸೆದರು.

"ಕಾಕ, ಇದು ನೀವು ಕೊಟ್ಟ ಮಾಲು. ಮುಖ ನೋಡಿ ನಂದು! ಹೆಂಗಸು ಬಂದ್ಲು ಅಂತ ಎಂತದಾದ್ರೂ ಕಟ್ಟಿ ಕಳಿಸುವುದಾ? ಹಜ್ಜಿಗೆ ಹೋಗಿ ಬಂದವರು ಅಂತ ಬೇರೆ ಹೇಳ್ತಾರೆ ನಿಮ್ಮನ್ನು!"

ಕಾಕ ತುಂಡನ್ನು ಎತ್ತಿದರು. ದಂಟನ್ನು ಬೆರಳುಗಳ ನಡುವೆ ನಿಧಾನವಾಗಿ ಒಂದು ಸುತ್ತು ತಿರುಗಿಸಿದರು. ಚುಕ್ಕೆ ಇರಲಿಲ್ಲ. ಆಮೇಲೆ ತಲೆಯೆತ್ತಿ ನನ್ನನ್ನು ನೋಡಿದರು. ನಾನು ಇವರಿಗಿಂತ ಎರಡು ಹೆಜ್ಜೆ ಹಿಂದೆ ಮೆಟ್ಟಿಲಲ್ಲಿ ನಿಂತಿದ್ದೆ. ನನ್ನ ಮುಖದಲ್ಲಿ ಅವರು ಏನು ಕಂಡರೋ...

"ತಪ್ಪಾಯ್ತು ಮಾರಾಯ್ರೆ" ಎಂದರು. "ಇನ್ನು ಅಳತೆ ನೋಡದೆ ಕೊಡುವುದಿಲ್ಲ. ಕಣ್ಣು ಉಳಿಯಿತಲ್ಲ, ಅಷ್ಟು ಸಾಕು."

ಆ ಬಡಗಿ ಆರಿಸಿಟ್ಟ ಬಿಟ್ಟುಗಳನ್ನು ಮೆಲ್ಲನೆ ಮೇಜಿನ ಮೇಲೆ ಬಿಟ್ಟು ಇಳಿದು ಹೋದ. ಅವನನ್ನು ಮತ್ತೆ ನಾನು ಆ ಅಂಗಡಿಯಲ್ಲಿ ಕಾಣಲಿಲ್ಲ.

ಮುಂದಿನ ವಾರ ಒಬ್ಬಳೇ ಹೋದೆ. ಬಾಯಿ ತೆರೆಯುವ ಮೊದಲೇ ಅವರು, "ಗೊತ್ತುಂಟು ಅಕ್ಕ" ಎಂದರು.

"ನೀವು ಯಾಕೆ ಒಪ್ಪಿಕೊಂಡದ್ದು ಕಾಕ?"

"ನೀವು ಅಲ್ಲೇ ಬೀಳುವ ಹಾಗೆ ಇದ್ರಿ. ನನಗೆ ಎರಡು ಬೈಗುಳ, ಕೇಳಿ ಅಭ್ಯಾಸ ಉಂಟು. ಮತ್ತೆ ಅವತ್ತು ಅಷ್ಟು ದೂರದಿಂದ ಬಂದವರನ್ನು ನಾನು ಬರಿಗೈಯಲ್ಲಿ ಕಳಿಸಿದ್ದು. ಅದೂ ಸರಿ ಅಲ್ಲ. ಅವರಿಗೆ ಹೇಳುವುದು ನೀವು, ನಿಮಗೆ ಆಗುವಾಗ."

ಆಮೇಲೆ ದಪ್ಪ ಅಳೆಯುವ ವರ್ನಿಯರನ್ನು ನನ್ನ ಕೈಗೆ ಕೊಟ್ಟು, ಆರು ಎಂಎಂನದ್ದೊಂದು, ನಮ್ಮ ಮೆಶಿನಿಗೆ ಬೇಕಾದ ಕಾಲಿಂಚಿನದ್ದೊಂದು, ಎರಡು ದಂಟುಗಳನ್ನು ಅಳೆಯಿಸಿದರು. ಕಣ್ಣಿಗೆ ಎರಡೂ ಒಂದೇ. ಕಾಲಿಂಚಿನದ್ದು ತಲೆಗೂದಲಿನ ನಾಲ್ಕೈದು ಎಳೆ ಸೇರಿದಷ್ಟು ಹೆಚ್ಚು ದಪ್ಪ. ಅಷ್ಟರಲ್ಲೇ ಇವರ ಕಣ್ಣು ಇತ್ತು.

ಎರಡು ಮೂರು ವರ್ಷ ಅವರೇ ನನಗೆ ಕಲಿಸಿದರು. ಬಿಟ್ ಮಾಡುವ ಕಾರ್ಬೈಡ್ ಗಟ್ಟಿ, ಆದರೆ ಗಾಜಿನ ಬಳೆಯ ಜಾತಿ, ಬಗ್ಗುವುದಿಲ್ಲ, ಒಡೆಯುತ್ತದೆ. ಬೇಕಾದ್ದಕ್ಕಿಂತ ಉದ್ದದ್ದು ಕೊಂಡರೆ ನಡುಗುತ್ತದೆ. ಪ್ಲೈವುಡ್ಡಿನ ಮೇಲ್ಪದರ ಏಳಬಾರದೆಂದರೆ ಹುಡಿಯನ್ನು ಕೆಳಕ್ಕೆ ತಳ್ಳುವ ಬಿಟ್ ಬೇಕು. ಕೊರೆಯುವಾಗ ಚಕ್ಕೆ ಬೀಳಬೇಕು. ಬರೀ ಹಿಟ್ಟಿನಂಥ ಹುಡಿ ಬಿದ್ದರೆ ಬಿಟ್ ಬೇಯುತ್ತಿದೆ ಎಂದರ್ಥ. ಹೊಸ ಬಿಟ್ಟಿನ ಅಲಗನ್ನು ಹೆಬ್ಬೆರಳ ಉಗುರಿಗೆ ತಾಗಿಸಿ ನೋಡುವುದನ್ನೂ ಅವರೇ ತೋರಿಸಿದ್ದು. ಪ್ರತಿ ಸಲ ಹೊರಡುವಾಗ ಅವರು ನನ್ನ ಮುಖ ನೋಡುತ್ತಿದ್ದರು. ಹೇಳಿದಿರಾ ಎಂದು ಒಮ್ಮೆಯೂ ಕೇಳಲಿಲ್ಲ. ಅದಕ್ಕೇ ನನಗೆ ಇನ್ನಷ್ಟು ಹೆದರಿಕೆ.

ಒಂದು ಸಲ ಹೋದಾಗ ಬಾಗಿಲು ಹಾಕಿತ್ತು. ಕಾಕ ತೀರಿಹೋಗಿ ತಿಂಗಳಾಯಿತು ಎಂದು ಪಕ್ಕದ ಅಂಗಡಿಯವರು ಹೇಳಿದರು. ಮನೆಗೆ ಬಂದು ಇವರಿಗೆ ತಿಳಿಸಿದೆ. "ಪಾಪ, ಒಳ್ಳೆಯ ಜನ. ಒಂದು ಸಲ ತಪ್ಪು ಮಾಲು ಕೊಟ್ಟದ್ದು ಬಿಟ್ಟರೆ..." ಎಂದರು. ಆಗಲೂ ನಾನು ಬಾಯಿ ಬಿಡಲಿಲ್ಲ.

ಮೊನ್ನೆ, ಬಿಟ್ ಕಪ್ಪಾದ ದಿನ, ಮಧ್ಯಾಹ್ನ ಊಟಕ್ಕೆ ಬಡಿಸುವಾಗ, ಅವತ್ತಿನ ಬಿಟ್ ಬಂಟ್ವಾಳದ್ದೆಂದು ಹೇಳಿದೆ. ಇವರ ಕೈ ಬಟ್ಟಲಿನಲ್ಲೇ ನಿಂತಿತು. ಬೈಯುತ್ತಾರೆಂದು ಕಾದೆ. ಇಷ್ಟು ವರ್ಷ ಕಾದದ್ದು ಅದಕ್ಕೇ.

"ಹಜ್ಜಿನ ವಿಷಯ ಎತ್ತಿ ಮಾತಾಡಿದೆ ನಾನು" ಎಂದರು. ಅದನ್ನೇ ಇನ್ನೊಮ್ಮೆ ಹೇಳಿದರು.

ಆದಿತ್ಯವಾರ ಇಬ್ಬರೂ ಪಾಣೆಮಂಗಳೂರಿಗೆ ಹೋದೆವು. ಅಂಗಡಿಯಿದ್ದಲ್ಲಿ ಈಗ ಮೊಬೈಲ್ ಕವರುಗಳು ತೂಗುತ್ತಿವೆ. ವಿಚಾರಿಸಿ, ಮಸೀದಿಯ ಹಿಂದಿನ ಕಬರಸ್ಥಾನದ ಗೋಡೆಯ ತನಕ ಹೋದೆವು. ಒಳಗೆ ಹೋಗಬಹುದೋ ಇಲ್ಲವೋ ನಮಗೆ ತಿಳಿಯದು. ಯಾವುದು ಅವರದ್ದೆಂದೂ ತಿಳಿಯದು. ಇವರು ಚಪ್ಪಲಿ ಕಳಚಿ ಗೋಡೆಗೆ ಕೈಯಿಟ್ಟು ನಿಂತರು.

ನಾನೇ ಮುಂದೆ ಹೋಗಿ, "ಕಾಕ, ಇವರಿಗೆ ಹೇಳಿದ್ದೇನೆ" ಎಂದೆ.

ಒಳಗೆ ಹುಲ್ಲು ಆಳೆತ್ತರಕ್ಕೆ ಬೆಳೆದಿತ್ತು. "ಗೊತ್ತುಂಟು ಅಕ್ಕ" ಎನ್ನಲು ಅಲ್ಲಿ ಯಾರೂ ಇರಲಿಲ್ಲ.