ಮಿಕ್ಕ ಗ್ವಾಕಮೋಲೆಯ ವಿಲೇವಾರಿ

ಸ್ನೇಹಿತರೇ, ನಿನ್ನೆ ನಾನು ಬಟರ್ ಫ್ರೂಟ್ ಕಿವುಚಿ ಮಾಡಿದ ಗ್ವಾಕಮೋಲೆ ಯಾರಿಗೂ ಬೇಡವಾಗಿ ಫ್ರಿಜ್ಜಿನ ಮೂಲೆ ಸೇರಿತ್ತು. ಇವತ್ತು ಬೆಳಿಗ್ಗೆ ಮುಚ್ಚಳ ತೆಗೆದ ಹೆಂಡತಿ ತೀರ್ಪು ಕೊಟ್ಟಳು: "ರೀ, ಈ ಪಾಚಿನ ಇವತ್ತೇ ಖಾಲಿ ಮಾಡಿ. ಬಿಸಾಕಿದ್ರೋ, ಇನ್ಮೇಲೆ ನಿಮಗೆ ಅಡುಗೆಮನೆ ಬಂದ್!"

ವಾರಕ್ಕೊಮ್ಮೆ ಒಲೆ ಮುಂದೆ ಮೆರೆಯುವುದೊಂದೇ ನನಗಿರುವ ಅಧಿಕಾರ. ಬ್ರೆಡ್ಡಿಗೆ ಹಚ್ಚಿಕೊಟ್ಟೆ, ಮಗಳು ಮೂಸಿ ತಟ್ಟೆ ಸರಿಸಿದಳು.

ಪುರವರದಿಂದ ಬಂದಿದ್ದ ಅಮ್ಮ ಒಂದಿಷ್ಟು ಅಂಗೈಗೆ ಹಾಕಿಕೊಂಡು ನೆಕ್ಕಿ ನೋಡಿದರು. "ಈರುಳ್ಳಿ, ಮೆಣಸಿನಕಾಯಿ, ಕೊತ್ತಂಬ್ರಿ, ಉಪ್ಪು, ಎಲ್ಲಾ ಹಾಕಿದ್ದೀಯ. ಹಿಟ್ಟೊಂದ್ ಮರ್ತ್‌ಬುಟ್ಟಿದ್ದೀಯ ಕಣ್ಲಾ!" ಎಂದವರೇ ರಾಗಿಹಿಟ್ಟು ಸುರಿದು, ಕಲಸಿ, ಕಾವಲಿಯ ಮೇಲೆ ರೊಟ್ಟಿ ತಟ್ಟಿಯೇಬಿಟ್ಟರು.

ರೊಟ್ಟಿ ಬೆಣ್ಣೆ ಹಾಕಿ ಕಲಸಿದಷ್ಟು ಮೆತ್ತಗೆ ಬಂದಿತ್ತು. ಮಗಳು ಎರಡನೆಯದಕ್ಕೆ ಕೈಯೊಡ್ಡಿದಳು. "ಅತ್ತೆ, ನಂಗೂ ಇನ್ನೊಂದು ಹಾಕಿ" ಎಂದವಳು ತೀರ್ಪು ಕೊಟ್ಟವಳೇ.

"ಹಂಗಾದ್ರೆ ನನ್ನ ಅಡುಗೆಮನೆ?" ಎಂದು ಮೆಲ್ಲಗೆ ಕೇಳಿದೆ.

ವಾಪಸ್ ಸಿಕ್ಕಿದೆ, ಷರತ್ತಿನ ಮೇಲೆ. ಇನ್ನು ಮುಂದೆ ನಾನು ಅಡುಗೆ ಮಾಡುವಂತಿಲ್ಲವಂತೆ. ನೇರವಾಗಿ ತಂಗಳನ್ನೇ ಮಾಡಿಡಬೇಕಂತೆ.