ಕೇಬಲ್ ತುಂಡಾಗಿದ್ದ ವಾರದ ಸಂದರ್ಶನ

ಇಂಥ ಕಥೆಗಳನ್ನು ಯಾರಾದರೂ ಶುರು ಮಾಡಿದರೆ ಮೊದಲು ಎದ್ದು ಹೋಗುತ್ತಿದ್ದವಳು ನಾನೇ. ಪುರಾವೆಯಿಲ್ಲದ ಮಾತೆಂದರೆ ನನಗಾಗದು. ಈಗ ಅಂಥದ್ದೊಂದನ್ನು ನಾನೇ ಹೇಳಬೇಕಾಗಿ ಬಂದಿದೆ. ನಂಬಿ ಎಂದು ನಿಮ್ಮನ್ನು ಕೇಳುವುದಿಲ್ಲ. ನೆನೆದರೆ ನನಗೇ ರೇಗುತ್ತದೆ.

ಕೆಲವು ವರ್ಷಗಳ ಹಿಂದೆ, ದೊಡ್ಡಬಳ್ಳಾಪುರದ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುತ್ತಲೇ ಪಿಎಚ್.ಡಿ.ಗೆ ಸೇರಿದ್ದೆ. ವಿಷಯ, ಸಣ್ಣ ದ್ವೀಪರಾಷ್ಟ್ರಗಳ ಪ್ರಜಾಪ್ರಭುತ್ವ. ನಮ್ಮ ಒಂದು ಹೋಬಳಿಯಷ್ಟು ಜನರೂ ಇಲ್ಲದ ದೇಶಗಳಿವೆ. ಅಲ್ಲಿ ಮಂತ್ರಿಯೂ ವಿರೋಧ ಪಕ್ಷದವನೂ ಪತ್ರಕರ್ತನೂ ಒಂದೇ ಮನೆತನದವರಾಗಿರಬಹುದು. ಹಾಗಿರುವಾಗ ಸರ್ಕಾರವನ್ನು ಪ್ರಶ್ನಿಸುವವರು ಯಾರು? "ಸಮುದ್ರಾನೇ ಇಲ್ದಿರೋ ಊರಲ್ಲಿ ಕೂತ್ಕೊಂಡು ದ್ವೀಪ ಯಾಕ್ ಮೇಡಂ, ಗ್ರಾಮ ಪಂಚಾಯ್ತಿ ಮೇಲೆ ಮಾಡ್ಬಾರ್ದಿತ್ತಾ?" ಎಂದು ಕೇಳದ ಸಹೋದ್ಯೋಗಿ ಇರಲಿಲ್ಲ. ಅಲ್ಲಿಗೆ ಹೋಗಿಬರಲು ಅನುದಾನವೂ ಸಿಗಲಿಲ್ಲ. ಆದರೂ ನನ್ನ ಗೈಡ್ ಪಟ್ಟು ಬಿಡಲಿಲ್ಲ. "ಅಲ್ಲಿಯ ಒಬ್ಬ ಸಂಸದನಾದ್ರೂ ಬಾಯಿಬಿಟ್ಟು ಮಾತಾಡಿರ್ಬೇಕು ಕಣಮ್ಮ. ಇಲ್ದಿದ್ರೆ ಐದನೇ ಅಧ್ಯಾಯ ನಿಲ್ಲಲ್ಲ."

ಪೆಸಿಫಿಕ್ ಸಾಗರದ ಒಂದು ದ್ವೀಪದ ಮಾಜಿ ಸಂಸದರು ಕೊನೆಗೂ ಒಪ್ಪಿದರು. ದ್ವೀಪದ ಹೆಸರು ಹೇಳಲಾರೆ. ಹೇಳಿದರೆ ಆ ಮನುಷ್ಯ ಯಾರೆಂದು ಅಲ್ಲಿಯ ಮಕ್ಕಳಿಗೂ ತಿಳಿಯುತ್ತದೆ. ಆದರೆ ತಿಂಗಳುಗಟ್ಟಲೆ ಕರೆಯೇ ಸಿಗಲಿಲ್ಲ. ಸಿಕ್ಕರೂ ನಮಸ್ಕಾರ ಹೇಳುವಷ್ಟರಲ್ಲಿ ಕಟ್ಟಾಗುತ್ತಿತ್ತು.

ಒಂದು ಭಾನುವಾರ ಬೆಳಿಗ್ಗೆ, ಸಿಕ್ಕರೆ ಸಿಗಲಿ ಎಂದು ರೇಗಿಕೊಂಡೇ ಕರೆ ಮಾಡಿದೆ. ತಕ್ಷಣ ಎತ್ತಿದರು. ಪಕ್ಕದ ಮನೆಯಿಂದ ಮಾತಾಡಿದಷ್ಟು ಸ್ಪಷ್ಟ. ಸ್ಪೀಕರ್ ಹಾಕಿ, ಅತ್ತೆಯ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ಅತ್ತೆ ಎದುರಿಗೇ ಕೂತು ನೆನೆಸಿದ ಅವರೆಕಾಳು ಹಿಸುಕುತ್ತಿದ್ದರು.

ಅವರು ತಡೆಯಿಲ್ಲದೆ ಮಾತಾಡಿದರು. ಹಿಂದೊಮ್ಮೆ ಅವರ ಅಣ್ಣ ಪ್ರಧಾನಿ ಸ್ಥಾನಕ್ಕೆ ನಿಂತಿದ್ದರಂತೆ. ಸದನದಲ್ಲಿ ಗುಪ್ತ ಮತದಾನ ನಡೆದು ಒಂದೇ ಮತದಿಂದ ಸೋತರಂತೆ. "ಆ ಒಂದು ಮತ ನನ್ನದು. ಅಣ್ಣ ಗೆದ್ದಿದ್ದರೆ ಇಡೀ ದೇಶ ನಮ್ಮ ಅಡುಗೆಮನೆಯಾಗಿಬಿಡುತ್ತಿತ್ತು" ಎಂದು ಅವರು ನಕ್ಕರು. ನಾನೂ ನಕ್ಕೆ. ಐದನೇ ಅಧ್ಯಾಯ ಎದ್ದು ನಿಂತಿತ್ತು.

ಫೋನಿಟ್ಟ ಮೇಲೆ ಅತ್ತೆ, "ಆವಯ್ಯ ಮಾತಿಗೊಂದ್ಸಲ ಕೆಮ್ತಾನಲ್ಲ, ಶುಂಠಿ ಕಷಾಯ ಕುಡಿಯಪ್ಪ ಅನ್ಬಾರ್ದಾ?" ಎಂದರು.

ಮಾತಿನ ನಡುವೆಯೇ ಗೀಚಿಕೊಂಡಿದ್ದನ್ನು ಅಂದೇ ಟೈಪ್ ಮಾಡಿ, ಒಪ್ಪಿಗೆಗಾಗಿ ಅವರಿಗೆ ಕಳಿಸಿದೆ. ಬಹಳ ದಿನ ಉತ್ತರವಿಲ್ಲ. ಆಮೇಲೆ ಅವರದೇ ಕರೆ ಬಂತು, ಗರಗರ ಸದ್ದಿನ ನಡುವೆ.

"ಇದನ್ನು ನಿಮಗೆ ಯಾರು ಹೇಳಿದರು?"

"ನೀವೇ ಹೇಳಿದಿರಲ್ಲ, ಆ ಭಾನುವಾರ!"

"ಆ ವಾರ ಸಮುದ್ರದಡಿಯ ಕೇಬಲ್ ತುಂಡಾಗಿತ್ತು. ಇಡೀ ದ್ವೀಪದಲ್ಲಿ ಒಂದು ಫೋನೂ ಕೆಲಸ ಮಾಡುತ್ತಿರಲಿಲ್ಲ. ಮತದ ವಿಷಯ ನನ್ನ ಹೆಂಡತಿಗೂ ಗೊತ್ತಿಲ್ಲ."

ರೆಕಾರ್ಡಿಂಗ್ ಇದೆ, ಕೇಳಿಸುತ್ತೇನೆ ಎಂದು ಧೈರ್ಯವಾಗಿ ಅತ್ತೆಯ ಮೊಬೈಲ್ ತೆರೆದೆ. ನನ್ನ ಪ್ರಶ್ನೆಗಳಿದ್ದವು. ಕುಕ್ಕರಿನ ಸೀಟಿ, ಅವರೆಕಾಳು ಪಾತ್ರೆಗೆ ಬೀಳುವ ಸದ್ದು, ನನ್ನ ನಗು, ಎಲ್ಲವೂ ಇದ್ದವು. ಅವರು ಉತ್ತರ ಕೊಟ್ಟ ಕಡೆಯಲ್ಲೆಲ್ಲ ಬರೀ ಮೌನ. ಆ ಮೌನದ ನಡುವೆ ನಾನು "ಹೌದಾ?" ಎನ್ನುವುದು ಮಾತ್ರ ಕೇಳುತ್ತಿತ್ತು. ಕರೆ ಹೋದದ್ದು ನನ್ನ ಫೋನಿನಲ್ಲಿ ದಾಖಲಾಗಿದೆ. ಅವರ ಫೋನಿನಲ್ಲಿಲ್ಲವಂತೆ. ಅತ್ತೆಯನ್ನು ಕೇಳಿದರೆ, "ನನಗೇನ್ ಕಿವಿ ಕೇಳ್ಸಲ್ವಾ? ಕೆಮ್ತಿದ್ದ ಕಣಮ್ಮ" ಎಂದು ನನ್ನನ್ನೇ ಗದರಿದರು.

ಗೈಡ್‌ಗೆ ಎಲ್ಲವನ್ನೂ ಹೇಳಿದೆ. ಅವರು ಕನ್ನಡಕ ತೆಗೆದು ಹಣೆ ಉಜ್ಜಿಕೊಂಡರು. "ಅಡಿಟಿಪ್ಪಣಿಲಿ ಏನಂತ ಹಾಕ್ತೀಯಮ್ಮ? ತೆಗ್ದಾಕು." ತೆಗೆದುಹಾಕಿದೆ. ನನ್ನ ಇಡೀ ಸಂಶೋಧನೆಯಲ್ಲಿ ನಿಜಕ್ಕೂ ಹೊಸದೆನ್ನುವಂಥ ಸಂಗತಿ ಅದೊಂದೇ ಆಗಿತ್ತು. ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕರೊಬ್ಬರು, "ಐದನೇ ಅಧ್ಯಾಯದಲ್ಲಿ ಸಂಸದರ ದನಿಯೇ ಇಲ್ಲವಲ್ಲ?" ಎಂದಾಗ ಮೇಜು ಗುದ್ದಬೇಕೆನಿಸಿತು.

ಪದವಿ ಬಂದ ಮೇಲೆ, ಆ ಭಾಗವನ್ನು ಅಳಿಸಿಹಾಕಿದ್ದೇನೆಂದು ತಿಳಿಸಲು ಅವರಿಗೆ ಫೋನ್ ಮಾಡಿದೆ. ಅವರ ಸಿಟ್ಟು ಇಳಿದಿತ್ತು. ಅಣ್ಣ ತೀರಿಕೊಂಡಿದ್ದರು. ಆಮೇಲೆ ಕೇಳಿದರು:

"ಅಣ್ಣನ ವಿಷಯ ಹೇಳುವಾಗ ನಾನು ಅಳುತ್ತಿದ್ದೆನಾ?"

"ಇಲ್ಲ ಸರ್. ನಕ್ಕಿರಿ."

"ನನಗೆ ಇವತ್ತಿನವರೆಗೂ ಅದನ್ನು ನೆನೆದು ನಗಲು ಆಗಿಲ್ಲ" ಎಂದರು. "ಆ ನಗು ಹೇಗಿತ್ತು, ಹೇಳಿ."

ನನಗೆ ಸಾಧ್ಯವಾದಷ್ಟು ವಿವರಿಸಿ ಹೇಳಿದೆ. ಅವರು ಕೇಳಿಸಿಕೊಂಡರು.