ಮುಚ್ಚಳದಜ್ಜ
ನಮ್ಮ ಬಂದರಿನ ರೇಡಿಯೋ ರಿಪೇರಿಯವನನ್ನು ಎಲ್ಲರೂ ಕರೆಯುವುದು ಮುಚ್ಚಳದಜ್ಜ ಎಂದೇ. ದೋಣಿಯವರು ವೈರ್‌ಲೆಸ್ ಸೆಟ್ ತಂದು, “ಅಜ್ಜಾ, ಫ್ರೀಕ್ವೆನ್ಸಿ ಒಂಚೂರು ಆಚೆ ಸರಿಸಿಕೊಡಿ” ಎಂದರೆ, ಬಿದಿರುಕಡ್ಡಿಯಿಂದ ಒಳಗಿನ ತಾಮ್ರದ ಸುರುಳಿಯನ್ನು ಕೂದಲೆಳೆಯಷ್ಟು ಹಿಗ್ಗಿಸಿ, ಉಸಿರು ಬಿಗಿಹಿಡಿದು ಮೀಟರ್ ನೋಡುತ್ತಾನೆ. ಆಯಿತೆಂದು ಅವರು ಕೈಚಾಚಿದರೆ ಗದರುತ್ತಾನೆ: “ತಡಿಯೋ! ತಗಡಿನ ಮುಚ್ಚಳ ಹಾಕಿದ್ರೆ ಮತ್ತೆ ಜಾರುತ್ತೆ ಅದು.” ಮುಚ್ಚಳ ಹಾಕಿ ಅಳೆಯುತ್ತಾನೆ, ತೆಗೆದು ತಿದ್ದುತ್ತಾನೆ, ಮತ್ತೆ ಹಾಕುತ್ತಾನೆ, ಅಷ್ಟರಲ್ಲಿ ಕಡಲಿನ ಮೀನಿಗೆ ಮುಪ್ಪು ಬಂದಿರುತ್ತದೆ. ಬಂದರಿನಲ್ಲಿ ಯಾರು ಯಾವ ಡಬ್ಬಿ ಮುಟ್ಟಿದರೂ, “ಮುಚ್ಚಳ ಹಾಕಿ ನೋಡಿದ್ಯಾ?” ಎಂದು ಒಬ್ಬರಾದರೂ ಅಜ್ಜನ ದನಿಯಲ್ಲೇ ಅಣಕಿಸುತ್ತಾರೆ, ಅಜ್ಜನಿಗೆ ಆ ಹಟ ಹುಟ್ಟಿದ್ದೇಕೆ ಎಂಬುದು ಈಗಿನವರಿಗೆ ಗೊತ್ತಿಲ್ಲ. ಹಿಂದೊಮ್ಮೆ ಅಜ್ಜನ ಅಳಿಯ, ಒಬ್ಬಳೇ ಮಗಳ ಗಂಡ, ಕಡಲಿಗೆ ಹೊರಡುವ ಅವಸರದಲ್ಲಿದ್ದ. ಅಜ್ಜ ಅವನ ಸೆಟ್ಟನ್ನು ತೆರೆದಿಟ್ಟೇ ಸರಿಮಾಡಿ, ಮುಚ್ಚಳ ಹಾಕಿದ ಮೇಲೆ ಅಳೆಯದೆ ಕೊಟ್ಟುಬಿಟ್ಟ. ಬಿರುಗಾಳಿಯಲ್ಲಿ ಅಳಿಯ ಕೂಗಿಕೊಂಡದ್ದು ದಡದಲ್ಲಿ ಯಾರಿಗೂ ಕೇಳಲಿಲ್ಲ; ಪಕ್ಕದ ಫ್ರೀಕ್ವೆನ್ಸಿಯಲ್ಲಿದ್ದ ದೂರದ ಹಡಗೊಂದಕ್ಕೆ ಕೇಳಿತು, ಅದು ಬರುವಷ್ಟರಲ್ಲಿ ದೋಣಿ ಇರಲಿಲ್ಲ. ಮಗಳು ಈಗ ಅಪ್ಪನ ಜೊತೆಗೇ ಇದ್ದಾಳೆ. ದಿನವೂ ಮಧ್ಯಾಹ್ನ ಅಂಗಡಿಗೆ ಊಟದ ಡಬ್ಬಿ ತಂದು, ತಾನೇ ಮುಚ್ಚಳ ತೆಗೆದು ಅವನ ಮುಂದಿಡುತ್ತಾಳೆ. ಬಂದರೆಲ್ಲ ಆಡುವ ಆ ಮಾತನ್ನು ಅವಳೊಬ್ಬಳು ಇವತ್ತಿಗೂ ಆಡಿಲ್ಲ.